ತಂತಿಯಿಲ್ಲದ ವಿದ್ಯುತ್ತು, ಮೂಲವಿಲ್ಲದ ಶಕ್ತಿ

ವಿದ್ಯುತ್ ಕ್ಷೇತ್ರದ ಹೆಸರಾಂತ ಸಂಶೋಧಕ ನಿಕೋಲಾ ಟೆಸ್ಲಾ ಇಡೀ ಜಗತ್ತಿಗೆ ಪುಕ್ಕಟೆ ವಿದ್ಯುತ್ ಕೊಡಲು ಹೊರಟಿದ್ದರೆಂದೂ ಬಂಡವಾಳಗಾರರು ಆ ವಿದ್ಯೆಯನ್ನು ಹೂತುಹಾಕಿದರೆಂದೂ ಹೇಳುವ ವೀಡಿಯೊಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಿವೆ. ಅವುಗಳ ಬೆನ್ನಿಗೇ ಇಂಧನ ಬೇಡದ ಜನರೇಟರ್ ಮಾರುವವರು ಬೆಂಗಳೂರಿನ ಮನೆಬಾಗಿಲಿಗೂ ಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಶಕ್ತಿಯನ್ನು ತಂತಿಯಿಲ್ಲದೆ ಸಾಗಿಸಬಹುದೇ ಎಂಬುದು ಒಂದು ಪ್ರಶ್ನೆ. ಆ ಶಕ್ತಿಯನ್ನು ಎಲ್ಲಿಂದ ತರಬೇಕು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರ ಉತ್ತರವನ್ನು ತೋರಿಸಿ ಎರಡನೆಯದೂ ಬಗೆಹರಿದಿದೆ ಎಂದು ನಂಬಿಸುವುದರಿಂದಲೇ ಈ ಮೋಸ ನಡೆಯುತ್ತಿದೆ.

ಟೆಸ್ಲಾ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ತಂತಿಯಿಲ್ಲದ ಸಾಗಣೆಗೆಂದು ವಾರ್ಡನ್‌ಕ್ಲಿಫ್ ಗೋಪುರದ ಕೆಲಸ ಆರಂಭಿಸಿದ್ದು 1901ರಲ್ಲಿ. ಅಮೆರಿಕದ ಬ್ಯಾಂಕರ್ ಜೆ. ಪಿ. ಮಾರ್ಗನ್ ಒಂದೂವರೆ ಲಕ್ಷ ಡಾಲರ್ ಕೊಡಲು ಒಪ್ಪಿದ್ದು ಅಟ್ಲಾಂಟಿಕ್ ಸಾಗರದ ಆಚೆಗೆ ಸಂದೇಶ ಕಳಿಸುವ ಕೇಂದ್ರಕ್ಕಾಗಿ. ಯೋಜನೆ ದೊಡ್ಡದಾಗುತ್ತ ಹೋಯಿತು, ಹೆಚ್ಚಿನ ಹಣ ಬರಲಿಲ್ಲ, 1917ರಲ್ಲಿ ಗೋಪುರವನ್ನು ಕೆಡವಲಾಯಿತು. ವೀಡಿಯೊಗಳು ತೋರಿಸದ ಸಂಗತಿಯೆಂದರೆ, ಗೋಪುರದ ಪಕ್ಕದ ಇಟ್ಟಿಗೆ ಕಟ್ಟಡದಲ್ಲಿ ಬಾಯ್ಲರ್‌ಗಳೂ ಜನರೇಟರ್ ಕೂಡ ಇದ್ದವು. ಶಕ್ತಿಗೆ ಮೂಲ ಬೇಕೆಂಬುದರಲ್ಲಿ ಟೆಸ್ಲಾ ಅವರಿಗೆ ಸಂಶಯವಿರಲಿಲ್ಲ.

ಅದೇ ಹೊತ್ತಿನಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯ ನೀರು ಟರ್ಬೈನ್‌ಗಳನ್ನು ತಿರುಗಿಸಲು ಸಿದ್ಧವಾಗುತ್ತಿತ್ತು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. ಅಷ್ಟು ದೂರ ವಿದ್ಯುತ್ ಸಾಗಿಸಲು ಸಾಧ್ಯವಾದದ್ದು ಎಸಿ, ಅಂದರೆ ಮತ್ತೆ ಮತ್ತೆ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತಿನ ಪದ್ಧತಿಯಿಂದ, ಅದರ ತಳಹದಿ ಹಾಕಿದವರಲ್ಲಿ ಟೆಸ್ಲಾ ಪ್ರಮುಖರು. ಅವರ ನಿಜವಾದ ಕೊಡುಗೆ ನೂರಿಪ್ಪತ್ತು ವರ್ಷಗಳಿಂದ ನಮ್ಮ ಮನೆಯೊಳಗೇ ಇರುವಾಗ, ಅವರ ಹೆಸರಿನಲ್ಲಿ ಸುಳ್ಳು ಮಾರುವುದನ್ನು ಕಂಡರೆ ನನಗೆ ನೋವಾಗುತ್ತದೆ.

ತಂತಿಯಿಲ್ಲದ ಸಾಗಣೆ ಸುಳ್ಳಲ್ಲ. ಇಂದು ಮೊಬೈಲನ್ನು ಪ್ಯಾಡ್ ಮೇಲಿಟ್ಟು ಚಾರ್ಜ್ ಮಾಡುತ್ತೇವೆ. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎರಡು ಮೀಟರ್ ದೂರದಿಂದ 60 ವಾಟ್ ಬಲ್ಬ್ ಉರಿಸಿದರು. ಆಗ ಗುರಿ ತಲುಪಿದ್ದು ಸುಮಾರು ಶೇಕಡ 40ರಷ್ಟು ಶಕ್ತಿ. 1975ರಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ ಮೈಕ್ರೋವೇವ್ ಕಿರಣದ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರಕ್ಕೆ 30 ಕಿಲೋವಾಟ್‌ಗೂ ಹೆಚ್ಚು ಶಕ್ತಿ ಸಾಗಿತು, ಆದರೆ ಅದಕ್ಕೆ ಭಾರಿ ಡಿಶ್ ಆಂಟೆನಾ ಬೇಕಾಯಿತು. ದೂರ ಹೆಚ್ಚಿದಂತೆ ಅಲೆ ಹರಡಿಕೊಳ್ಳುತ್ತದೆ. ಅದನ್ನು ಒಂದೇ ಗುರಿಗೆ ಕೂಡಿಸಿಡುವುದೇ ಇಲ್ಲಿಯ ಮುಖ್ಯ ಕಷ್ಟ.

ಬಸವನಗುಡಿಯಲ್ಲಿರುವ ನಮ್ಮ ಬಂಧುಗಳೊಬ್ಬರಿಗೆ ಇತ್ತೀಚೆಗೆ ಒಬ್ಬರು ತೋರಿಸಿದ ಯಂತ್ರದಲ್ಲಿ ಮೋಟಾರು ಫ್ಲೈವೀಲನ್ನು, ಅಂದರೆ ಒಂದು ಭಾರವಾದ ಚಕ್ರವನ್ನು, ತಿರುಗಿಸುತ್ತದೆ, ಫ್ಲೈವೀಲು ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರನ್ನು, ಅದರ ವಿದ್ಯುತ್ತೇ ಮರಳಿ ಮೋಟಾರಿಗೆ. ಈ ಸುತ್ತಿನ ಪ್ರತಿ ಹಂತದಲ್ಲೂ ಒಂದಿಷ್ಟು ಶಕ್ತಿ ತಂತಿಯ ಬಿಸಿಯಾಗಿ, ಬೇರಿಂಗಿನ ಘರ್ಷಣೆಯಾಗಿ ಕಳೆದುಹೋಗುತ್ತದೆ. ಫ್ಲೈವೀಲು ತನ್ನಲ್ಲಿ ತುಂಬಿದ್ದನ್ನಷ್ಟೇ ಹಿಂದಿರುಗಿಸುತ್ತದೆ. ಇಂಥ ನಿರಂತರ ಚಲನೆಯ ಯಂತ್ರಗಳ ಪ್ರಸ್ತಾಪಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಷ್ಟು ಹಿಂದೆಯೇ ತೀರ್ಮಾನಿಸಿತ್ತು. ನಮ್ಮ ಬಂಧುಗಳೆದುರಿನ ಪ್ರದರ್ಶನದಲ್ಲಿ ಬಲ್ಬ್ ಉರಿದದ್ದು ಕೆಳಗಿದ್ದ ಬ್ಯಾಟರಿಯಿಂದ.

ಮಾರುವವರು ನಿಮ್ಮಲ್ಲಿಗೂ ಬಂದರೆ, ಬ್ಯಾಟರಿ ತೆಗೆಸಿ, ಗೋಡೆಯ ಪ್ಲಗ್ ಕಳಚಿಸಿ, ಒಂದು ನೀರಿನ ಹೀಟರನ್ನು ಆ ಯಂತ್ರಕ್ಕೆ ಜೋಡಿಸಿ, ನಿಮ್ಮ ಕಣ್ಣೆದುರೇ ಒಂದು ಇಡೀ ದಿನ ಓಡಿಸಿ ತೋರಿಸಲು ಹೇಳಿ. ಅಲ್ಲಿಯವರೆಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.