ಮೂರು ಮೂಲೆಯ ರೋಹಿಣಿ

ನಿನ್ನೆ ರಾತ್ರಿಯಿಂದ ರೋಹಿಣಿ ನಕ್ಷತ್ರಕ್ಕೆ ಮೂರು ಮೂಲೆ ಬಂದಿದೆ. 65 ಜ್ಯೋತಿರ್ವರ್ಷ ದೂರದಲ್ಲಿ, ನಮ್ಮ ಸೂರ್ಯನಿಗಿಂತ 40 ಪಟ್ಟಿಗೂ ಮಿಕ್ಕಿ ಅಗಲದ ಮೈ ಹೊತ್ತು, ಯಾರ ತಂಟೆಗೂ ಹೋಗದೆ ಉರಿಯುತ್ತಿರುವ ನಕ್ಷತ್ರ ಅದು. ಅದನ್ನು ತ್ರಿಕೋನ ಮಾಡಲು ಇಡೀ ಬ್ರಹ್ಮಾಂಡದಲ್ಲಿ ಒಬ್ಬರಿಂದ ಮಾತ್ರ ಸಾಧ್ಯ. ಅವರು ನನ್ನ ಅಕ್ಕನ ಗಂಡ.

ಭಾವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗಲೇ ಶುರು ಮಾಡಿದರೆ ಭಾಷೆ ಕೆಡುತ್ತದೆ.

ನನ್ನದು ಆರಿಂಚಿನ ರಿಫ್ಲೆಕ್ಟರ್ ಟೆಲಿಸ್ಕೋಪ್. ನ್ಯೂಟನ್ 1668ರಲ್ಲಿ ಮಾಡಿದ ಮಾದರಿಯೇ. ಕೊಳವೆಯ ಬುಡದಲ್ಲಿ ಒಂದು ನಿಮ್ನ ಕನ್ನಡಿ, ಬಾಯಿಯ ಹತ್ತಿರ 45 ಡಿಗ್ರಿ ವಾಲಿಸಿ ಕೂರಿಸಿದ ಇನ್ನೊಂದು ಸಣ್ಣ ಚಪ್ಪಟೆ ಕನ್ನಡಿ. ಬುಡದ್ದು ಬೆಳಕನ್ನು ಒಟ್ಟು ಮಾಡಿ ಮೇಲೆ ಕಳಿಸುತ್ತದೆ, ಮೇಲಿನದು ಅದನ್ನು ಪಕ್ಕಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಹಾಕುತ್ತದೆ. ಎರಡೂ ಸರಿಯಾಗಿ ಕೂತರೆ ಶನಿಯ ಬಳೆ ಕಾಣುತ್ತದೆ. ಚೂರು ಆಚೀಚೆಯಾದರೆ ಶನಿಯೂ ಒಂದೇ, ಬೀದಿದೀಪವೂ ಒಂದೇ. (ನ್ಯೂಟನ್ ಮದುವೆಯಾಗಲಿಲ್ಲ. ಹೆಂಡತಿಯ ಕಡೆಯ ಭಾವಂದಿರಾದರೂ ಅವನಿಗೆ ತಪ್ಪಿದರು.)

ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸಿದ್ದೇವೆ ಎಂದು ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿತ್ತು. ಹೊಂದಿಸಿರಲೂಬಹುದು. ಆದರೆ ಹೆದ್ದಾರಿ ಕೆಲಸದ ಡೈವರ್ಷನ್‌ಗಳನ್ನೆಲ್ಲ ಇಳಿದು ಹತ್ತಿ, ಕುಂಬಳೆಯಿಂದ ಬದಿಯಡ್ಕಕ್ಕೆ ಜೀಪಿನ ಹಿಂದೆ ಕೂತು ಬಂದ ಮೇಲೆ ಮನುಷ್ಯನ ಬೆನ್ನುಮೂಳೆಯೇ ಅಲೈನ್‌ಮೆಂಟಿನಲ್ಲಿ ಇರುವುದಿಲ್ಲ. ಕನ್ನಡಿಯ ಪಾಡೇನು?

ಹೊಂದಿಸುವ ಕ್ರಮ ಓದುವಾಗ ಸುಲಭ. ಸಣ್ಣ ಕನ್ನಡಿಗೆ ಮೂರು ಪುಟಾಣಿ ಸ್ಕ್ರೂ. ದೊಡ್ಡದಕ್ಕೆ ಸ್ಪ್ರಿಂಗಿನ ಮೇಲೆ ಕೂತ ಮೂರು ತಿರುಪು, ಅವು ಜಾರದಂತೆ ಹಿಡಿಯಲು ಇನ್ನೂ ಮೂರು. ಮೊದಲು ಸಣ್ಣದರೊಳಗೆ ದೊಡ್ಡದರ ಬಿಂಬ ಪೂರ್ತಿ ಕಾಣಬೇಕು, ಅಂಚಿನ ಮೂರು ಕ್ಲಿಪ್ಪುಗಳ ಸಮೇತ. ಆಮೇಲೆ ದೊಡ್ಡದರ ನಡುವಿಗೆ ಅಂಟಿಸಿದ ಬಿಲ್ಲೆ ನಾವು ಇಣುಕುವ ತೂತಿನ ನೇರಕ್ಕೆ ಬರಬೇಕು. ಈ ಮೂರು ಸ್ಕ್ರೂಗಳೆಂದರೆ ಮದುವೆಮನೆಗೆ ಬಂದ ಮೂವರು ಅಳಿಯಂದಿರ ಹಾಗೆ, ಒಬ್ಬರನ್ನು ಸಮಾಧಾನ ಮಾಡಿ ಕೂರಿಸುವಾಗ ಇನ್ನೊಬ್ಬರು ಎದ್ದು ನಿಂತಿರುತ್ತಾರೆ. ಎಲ್-ಕೀ ಕೈಜಾರಿದರೆ ನೇರ ಕೆಳಗಿನ ಕನ್ನಡಿಯ ಮೇಲೆಯೇ ಬೀಳುವುದು. ಹಾಗಾಗಿ ಕೊಳವೆಯನ್ನು ಅಡ್ಡ ಮಲಗಿಸಬೇಕು, ಪಕ್ಕದಲ್ಲಿ ನಾವೂ ಅಡ್ಡ ಮಲಗಬೇಕು. "ಚಂದ್ರನ ನೋಡ್ಲೆ ಇಷ್ಟೆಲ್ಲ ಬೇಕಾ ನಿಂಗೊಗೆ?" ಎಂದು ಹೆಂಡತಿ ನನ್ನನ್ನು ದಾಟಿಕೊಂಡು ಹೋದಳು.

ಇಣುಕಲು ನಟ್ಟನಡುವೆ ತೂತಿರುವ ಮುಚ್ಚಳ ಬೇಕು. ಹಳೆಯ ಕ್ಯಾಮೆರಾ ಫಿಲ್ಮಿನ ಡಬ್ಬಿ ಇದಕ್ಕೆ ಸರಿಯಾಗಿ ಕೂರುತ್ತದೆ. ಈ ಕಾಲದಲ್ಲಿ ಫಿಲ್ಮ್ ಡಬ್ಬಿ ಎಲ್ಲಿದೆ? ದೇವರಕೋಣೆಯಲ್ಲಿದೆ. ವರ್ಷಾನುಗಟ್ಟಲೆಯಿಂದ ಅಮ್ಮ ಅದರಲ್ಲಿ ಕುಂಕುಮ ಇಟ್ಟಿದ್ದಳು. ಬೇಡಿ ತಂದು, ತೊಳೆದು, ತಳ ಕತ್ತರಿಸಿ, ಮುಚ್ಚಳಕ್ಕೆ ತೂತು ಕೊರೆದು ಇಣುಕಿದೆ. ಕನ್ನಡಿಯೊಳಗೆ ಕನ್ನಡಿ, ಅದರೊಳಗೆ ಮತ್ತೆ ಕನ್ನಡಿ, ಎಲ್ಲದರ ನಡುವೆ ನನ್ನದೇ ಕಣ್ಣು! ಶನಿಯನ್ನು ನೋಡಲೆಂದು ಅಷ್ಟು ದುಡ್ಡು ಸುರಿದು, ವಾರಗಟ್ಟಲೆ ನಾನು ನೋಡಿದ್ದು ಇದನ್ನೇ. ಎಷ್ಟು ತೊಳೆದರೂ ಡಬ್ಬಿಯ ಕುಂಕುಮ ಪೂರ್ತಿ ಹೋಗಿರಲಿಲ್ಲ. ಕಣ್ಣಿನ ಸುತ್ತ ಕೆಂಪು ಉಂಗುರ ಹೊತ್ತು ಅಂಗಳದಲ್ಲಿ ನಿಂತ ನನ್ನನ್ನು ನೋಡಿ ಅಡಿಕೆ ಕೊಯ್ಯಲು ಬಂದವನು "ದಾನೆ ಅಣ್ಣೇರೇ, ಕೋಲ ಏಪ?" ಎಂದು ತುಳುವಿನಲ್ಲಿ ಭೂತಕೋಲದ ದಿನ ಕೇಳಿ, ಉತ್ತರಕ್ಕೂ ಕಾಯದೆ ಮರ ಹತ್ತಿದ.

ಲೇಸರ್ ತರಿಸಿದರೆ ಕಷ್ಟವಿಲ್ಲ ಎಂದರು. ತರಿಸಿದೆ. ಕನ್ನಡಿಯನ್ನು ನೇರ ಮಾಡಲು ಬಂದ ಲೇಸರ್ ತಾನೇ ಸೊಟ್ಟ. ಅದನ್ನು ಕೂತಲ್ಲೇ ತಿರುಗಿಸಿದರೆ ಕೆಂಪು ಚುಕ್ಕೆ ಒಂದೇ ಕಡೆ ನಿಲ್ಲಬೇಕು, ನನ್ನದು ಕನ್ನಡಿಯ ಮೇಲೆ ಪ್ರದಕ್ಷಿಣೆ ಹಾಕಿತು. ಲೇಸರನ್ನು ನೇರ ಮಾಡಲು ಅದರ ಹೊಟ್ಟೆಯಲ್ಲಿ ಬೇರೆ ಮೂರು ಸ್ಕ್ರೂ. ಅಟ್ಟಕ್ಕೆ ಹಾಕಿದೆ.

ಕೊನೆಯ ಪರೀಕ್ಷೆ ನಕ್ಷತ್ರದ ಮೇಲೆ. ಫೋಕಸನ್ನು ಬೇಕೆಂದೇ ಸ್ವಲ್ಪ ಕೆಡಿಸಿದರೆ ನಕ್ಷತ್ರ ಉಂಗುರಗಳಾಗಿ ಅರಳುತ್ತದೆ. ಉಂಗುರಗಳಿಗೆಲ್ಲ ಒಂದೇ ಕೇಂದ್ರವಿದ್ದರೆ ಪಾಸು. ಭೂಮಿ ತಿರುಗುವುದರಿಂದ ಬೇರೆ ನಕ್ಷತ್ರಗಳು ನೋಡುತ್ತಿದ್ದಂತೆ ಜಾರಿಹೋಗುತ್ತವೆ, ಧ್ರುವವನ್ನು ಹಿಡಿಯಿರಿ ಎಂದು ಬಲ್ಲವರ ಸಲಹೆ. ಸಲಹೆ ಕೊಟ್ಟವರು ಇಂಗ್ಲೆಂಡಿನ ಕಡೆಯವರು, ಅಲ್ಲಿ ಧ್ರುವ ಅರ್ಧ ಆಕಾಶಕ್ಕಿಂತ ಮೇಲಿರುತ್ತದೆ. ಊರಿನ ಅಕ್ಷಾಂಶ ಎಷ್ಟೋ ಧ್ರುವದ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಕಾಸರಗೋಡಿನ ಪಾಲಿಗೆ ಬಂದದ್ದು ಹನ್ನೆರಡೂವರೆ ಡಿಗ್ರಿ, ಅಂದರೆ ನಮ್ಮ ತೋಟದ ಅಡಿಕೆ ಮರಗಳ ಹಿಂದೆ. ಆದರೂ ಈ ಮನೆಯಲ್ಲಿ ಮದುವೆಯಾದವರೆಲ್ಲ ಧ್ರುವನನ್ನು ಕಂಡವರೇ. ಭಟ್ಟರು ಚಪ್ಪರದಾಚೆ ಬೆರಳು ತೋರಿಸಿ "ಕಂಡತ್ತೋ?" ಎಂದಾಗ ನಾನು ಕಂಡತ್ತು ಎಂದಿದ್ದೆ, ಪಕ್ಕದಲ್ಲಿದ್ದವಳೂ ಕಂಡತ್ತು ಎಂದಿದ್ದಳು. ಮಟಮಟ ಮಧ್ಯಾಹ್ನ. ದಂಪತಿಗಳಾಗಿ ನಾವು ಕೊಟ್ಟ ಮೊದಲ ಜಂಟಿ ಹೇಳಿಕೆ ಅದು.

ಅಂತೂ ಒಂದು ರಾತ್ರಿ, ಬೇರೆ ನಕ್ಷತ್ರವನ್ನೇ ಅಟ್ಟಿಸಿಕೊಂಡು ಹೋಗಿ, ಉಂಗುರಗಳನ್ನು ಸರಿ ಕೂರಿಸಿದೆ. ಒಣಗಲು ಹರಡಿದ ಅಡಿಕೆಯನ್ನು ಸರಿಸಿ ಅಂಗಳದಲ್ಲಿ ಜಾಗ ಮಾಡಿ ಅಮ್ಮನನ್ನು ಕರೆದೆ. ಅಮ್ಮನದು ಕೃತ್ತಿಕಾ ನಕ್ಷತ್ರ. ಅರ್ಚನೆಯ ಚೀಟಿಗಳಲ್ಲಿ ಬರೆಸಿದ್ದಾಳೆ, ಸಂಕಲ್ಪದ ಹೊತ್ತಿಗೆ ಭಟ್ಟರಿಗೆ ಹೇಳಿದ್ದಾಳೆ, ಪಂಚಾಂಗದಲ್ಲಿ ಬೆರಳಿಟ್ಟು ಹುಡುಕಿದ್ದಾಳೆ. ಆಕಾಶದಲ್ಲಿ ಅದು ಯಾವುದೆಂದು ಮಾತ್ರ ಈವರೆಗೆ ಯಾರೂ ತೋರಿಸಿರಲಿಲ್ಲ. ಬರಿಗಣ್ಣಿಗೆ ಆರೋ ಏಳೋ ಚುಕ್ಕೆ, ನಿಜಕ್ಕೂ ಸಾವಿರಕ್ಕೆ ಮಿಕ್ಕಿದ ನಕ್ಷತ್ರಗಳ ಗುಂಪು. ಕಣ್ಣಿಟ್ಟವಳು ಬೇಗ ತೆಗೆಯಲಿಲ್ಲ. "ಇಷ್ಟು ಜೆನ ಇದ್ದವಾ!" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪಂಗೆ ತೋರ್ಸುಲೆ ಆತಿಲ್ಲೆ" ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಪ್ಪನದು ಆರ್ದ್ರಾ. ಅದು ತೆಂಗಿನ ಮರ ದಾಟಿ ಮೇಲೆ ಬರುವವರೆಗೆ ನಾನು ಒಬ್ಬನೇ ಕೂತಿದ್ದೆ.

ಮರುದಿನ ಭಾವ ಬಂದರು.

ಭಾವನಿಗೆ ಲೋಕದಲ್ಲಿ ಸಡಿಲವಾದದ್ದು ಒಂದೂ ಸೇರುವುದಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್. ಕಾಫಿ ಬರುವ ಮೊದಲು ಕುರ್ಚಿಯ ಕಾಲು, ಕುಡಿಯುತ್ತ ಕಿಟಕಿಯ ಕೊಂಡಿ, ಕುಡಿದ ಲೋಟ ಇಡಲು ಅಡುಗೆಮನೆಗೆ ಹೋದಲ್ಲಿ ಕುಕ್ಕರಿನ ಹಿಡಿ. ಹಿತ್ತಲಿನ ನಳ್ಳಿಯನ್ನು ಅವರು ಬಿಗಿ ಮಾಡಿಹೋದ ಮೇಲೆ ನಮ್ಮ ಯಾರ ಕೈಗೂ ಅದು ಬಗ್ಗಿಲ್ಲ. ಅವರು ಬಂದ ದಿನ ನೀರು. ನನ್ನ ಕನ್ನಡಕದ ಕಡ್ಡಿಗಳನ್ನು ಬಿಗಿದು ಕೊಟ್ಟಿದ್ದಾರೆ, ಈಗ ಅದು ಮಡಚುವುದಿಲ್ಲ, ರಾತ್ರಿಯಿಡೀ ಎರಡೂ ಕೈ ಚಾಚಿಕೊಂಡೇ ಮೇಜಿನ ಮೇಲೆ ಮಲಗುತ್ತದೆ. ಸೋದರಳಿಯನ ಮದುವೆಯಲ್ಲಿ ವಿಡಿಯೋದವನು ನೀರು ಕುಡಿಯಲು ಹೋದಾಗ ಅವನ ಟ್ರೈಪಾಡನ್ನು ಬಿಗಿದರು. ಕ್ಯಾಮೆರಾ ಆ ಮೇಲೆ ತಿರುಗಲಿಲ್ಲ. ಧಾರೆಯ ವಿಡಿಯೋದಲ್ಲಿ ಮಂತ್ರವೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ, ಕಾಣುವುದು ಚಪ್ಪರಕ್ಕೆ ಕಟ್ಟಿದ ಬಾಳೆಗೊನೆ. ಎಲ್ಲ ಮುಗಿಸಿ ಕೈ ಝಾಡಿಸಿ ಅವರು ಹೇಳುವ ಮಾತು ಒಂದೇ. "ರಜ್ಜ ಲೂಸಿದ್ದತ್ತು, ಬಿಗುದು ಮಡುಗಿದೆ."

ನಾನು ಬೇಂಕಿಗೆ ಹೋಗಿ ಬರುವಷ್ಟರಲ್ಲಿ ಟೆಲಿಸ್ಕೋಪಿನ ಬುಡದ ಮೂರು ತಿರುಪೂ ಕಲ್ಲು. ಸ್ಪ್ರಿಂಗುಗಳಿಗೆ ಅಲುಗಲು ಜಾಗವಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಕ್ಷಮಿಸುತ್ತಿದ್ದೆ. "ಒಳ ಕನ್ನಾಟಿಯೂ ಅಲ್ಲಾಡ್ತು ಭಾವ" ಎಂದು ಬುಡವನ್ನೇ ಬಿಚ್ಚಿ, ಅಂಚಿನ ಕ್ಲಿಪ್ಪುಗಳನ್ನೂ ಬಿಗಿದಿದ್ದರು. ಗಾಜು ಎಷ್ಟೇ ದಪ್ಪವಿರಲಿ, ಮೂರು ಕಡೆಯಿಂದ ಅಮುಕಿದರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬೆಳಕಿಗೆ ಅಷ್ಟು ಸಾಕು, ನಕ್ಷತ್ರ ಮುಮ್ಮೂಲೆಯಾಗುತ್ತದೆ. ಕ್ಲಿಪ್ಪಿಗೂ ಕನ್ನಡಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಬೇಕು ಎಂದು ನಾನು ವಿವರಿಸಿದೆ. ಭಾವ ಗಂಭೀರವಾಗಿ ತಲೆಯಾಡಿಸುತ್ತ ಕೇಳಿದರು. ಅವರ ಕೈ ಮಾತ್ರ ನಾನು ಕೂತ ಸ್ಟೂಲಿನ ಅಡಿಯಲ್ಲಿ ಏನನ್ನೋ ತಿರುಗಿಸುತ್ತಿತ್ತು.

"ಧೂಳೂ ಇದ್ದತ್ತು, ಉದ್ದಿದೆ" ಎಂದರು ಕೊನೆಗೆ. ಹೆಗಲ ಬೈರಾಸಿನಲ್ಲಿ. ಮುಖ ನೋಡುವ ಕನ್ನಡಿಗೆ ಲೇಪ ಗಾಜಿನ ಹಿಂದಿರುತ್ತದೆ, ಟೆಲಿಸ್ಕೋಪಿನದಕ್ಕೆ ಮುಂದೆ. ತಲೆಕೂದಲಿಗಿಂತ ನೂರಾರು ಪಟ್ಟು ತೆಳುವಾದ ಅಲ್ಯೂಮಿನಿಯಂ ಪದರ. ಬೈರಾಸು ಬೆಳಗ್ಗೆಯಷ್ಟೇ ಪಂಪುಶೆಡ್ಡಿಗೆ ಹೋಗಿ ಬಂದಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ಜೇಮ್ಸ್ ವೆಬ್ ಟೆಲಿಸ್ಕೋಪ್ ನೆನಪಾಯಿತು. 2021ರ ಡಿಸೆಂಬರಿನಲ್ಲಿ ಹಾರಿಸಿದ್ದು, ಕನ್ನಡಿ ಒಂದಲ್ಲ, 18 ತುಂಡು. ಮೊದಲಿಗೆ ಸಪ್ತರ್ಷಿ ಮಂಡಲದ ಒಂದು ನಕ್ಷತ್ರಕ್ಕೆ ತಿರುಗಿಸಿದಾಗ 18 ಚುಕ್ಕೆ ಕಂಡಿತಂತೆ. ತಿಂಗಳುಗಟ್ಟಲೆ ತುಂಡು ತುಂಡಾಗಿ ಸರಿಸಿ ಎಲ್ಲವನ್ನೂ ಒಂದೇ ಚುಕ್ಕೆಗೆ ತಂದರು, ಅದೂ 15 ಲಕ್ಷ ಕಿಲೋಮೀಟರ್ ದೂರದಿಂದ. ದೊಡ್ಡ ಸಾಧನೆ ಎಂದು ಎಲ್ಲರೂ ಹೊಗಳುತ್ತಾರೆ. ಆ ದೂರವೇ ಅವರ ಭಾಗ್ಯ ಎಂದು ನನ್ನ ಲೆಕ್ಕ. ಹಬಲ್ ಹತ್ತಿರದಲ್ಲಿತ್ತು, 1993ರಲ್ಲಿ ಜನ ಸ್ಪ್ಯಾನರ್ ಹಿಡಿದುಕೊಂಡು ಅಲ್ಲಿಗೂ ಹೋಗಿ ಬಂದರು.

ಇವತ್ತು ಬೆಳಗ್ಗೆ ಅಕ್ಕ ಫೋನ್ ಮಾಡಿದಳು. ನಾನು ಮುಖ ಊದಿಸಿಕೊಂಡದ್ದಕ್ಕೆ ಭಾವನಿಗೆ ಬೇಸರವಾಗಿದೆಯಂತೆ, ರಾತ್ರಿ ಸರಿಯಾಗಿ ಉಣ್ಣಲಿಲ್ಲವಂತೆ. ನನಗೂ ಪಾಪ ಅನ್ನಿಸಿತು. ಅವರಿಗೆ ಕೊಡು ಎಂದೆ.

"ನೀನು ತಲೆಬೆಶಿ ಮಾಡೆಡ ಭಾವ" ಎಂದರು. "ಆ ಸ್ಕ್ರೂ ಮತ್ತೆ ಮತ್ತೆ ಲೂಸಪ್ಪದಲ್ಲದಾ? ಎಂ-ಸೀಲ್ ತೆಗದು ಮಡುಗಿದ್ದೆ. ಆಯಿತ್ಯವಾರ ಬತ್ತೆ."