ಚಿರತೆಗೆ ಎತ್ತಂಗಡಿ ಭಾಗ್ಯ

ನಮ್ಮ ರಾಜ್ಯದಲ್ಲಿ ಶಾಸಕರ ಪತ್ರ ಇಲ್ಲದೆ, ಯಾರ ಕೈಯನ್ನೂ ಬಿಸಿ ಮಾಡದೆ ವರ್ಗಾವಣೆ ಪಡೆಯುವ ಜೀವಿ ಒಂದೇ ಒಂದು. ಮಂಡ್ಯ, ಮೈಸೂರು ಕಡೆಯ ಕಬ್ಬಿನ ಗದ್ದೆ ಚಿರತೆ. ಬೆಳಗ್ಗೆ ಬೋನಿಗೆ ಬಿದ್ದರೆ ರಾತ್ರಿಯೊಳಗೆ ಹೊಸ ಜಾಗ. ಟಿಎ, ಡಿಎ ಇಲ್ಲ ಅನ್ನೋದೊಂದೇ ಕೊರತೆ.

ಕನ್ನಂಬಾಡಿ ಕಟ್ಟಿದ್ದು, ವಿಶ್ವೇಶ್ವರಯ್ಯ ನಾಲೆ ಹರಿಸಿದ್ದು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ತೆರೆದಿದ್ದು ಎಲ್ಲ ಮನುಷ್ಯರಿಗಾಗಿ. ಆದರೆ ಆಳುದ್ದ ಬೆಳೆದ ಕಬ್ಬಿನೊಳಗೆ ಒಮ್ಮೆ ಬಗ್ಗಿ ನೋಡಿ. ಹೊರಗೆ ರಣಬಿಸಿಲು, ಒಳಗೆ ತಂಪೋ ತಂಪು. ಕಾಲಡಿ ಮೆತ್ತಗೆ ಒಣತರಗು. ಪಕ್ಕದಲ್ಲೇ ನಾಲೆ ನೀರು, ರಾತ್ರಿಯೂಟಕ್ಕೆ ಊರನಾಯಿ. ಕಬ್ಬು ಎತ್ತರವಾದ ಮೇಲೆ ಕಟಾವಿನ ತನಕ ಯಾರೂ ಒಳಗೆ ಹೋಗುವುದಿಲ್ಲ. ಚಿರತೆಯ ಬಸಿರು ಮೂರು ತಿಂಗಳು, ಚಿಲ್ಲರೆ ದಿನ. ಬಸಿರು, ಹೆರಿಗೆ, ಬಾಣಂತನ ಎಲ್ಲ ಒಂದೇ ಬೆಳೆಯಲ್ಲಿ ಮುಗಿಯುತ್ತದೆ. ಕಾರ್ಖಾನೆಯವರು ಕಟಾವಿಗೆ ತಡ ಮಾಡಿದರೆ ರೈತ ಬಾಯಿ ಬಡಿದುಕೊಳ್ಳುತ್ತಾನೆ. ಒಳಗಿರುವ ಬಾಣಂತಿಗೆ ರಜೆ ವಿಸ್ತರಣೆ.

2022ರ ಕೊನೆ, 2023ರ ಆರಂಭದಲ್ಲಿ ತಿ.ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತರು. ಆ ಭಯಕ್ಕೆ ನಗುವಂತಿಲ್ಲ. ನಗು ಬರುವುದು ಆಮೇಲೆ ನಡೆಯುವ ಸಂಭ್ರಮಕ್ಕೆ.

ಮೊದಲು ಊರಿಗೆ ಊರೇ ಸೇರಿ 'ಬೋನು ಇಡಿ' ಅಂತ ಅರ್ಜಿ ಕೊಡುತ್ತದೆ. ಬೋನು ಬರುತ್ತದೆ. ಒಳಗೊಂದು ನಾಯಿ ಕಟ್ಟುತ್ತಾರೆ. ಬೀದಿಯಲ್ಲಿ ಕಲ್ಲೇಟು ತಿಂದು ಬೆಳೆದ ನಾಯಿಗೆ ಈಗ ಎರಡು ಹೊತ್ತು ಅನ್ನ, ಸುತ್ತ ಕಬ್ಬಿಣದ ಭದ್ರತೆ. ಝಡ್ ಪ್ಲಸ್ ಅಂದರೆ ಇದೇ ಇರಬೇಕು! ಚಿರತೆ ಬಿದ್ದ ದಿನ ಬೋನಿನ ಸುತ್ತ ಜಾತ್ರೆ, ಸೆಲ್ಫಿ. ಮಾರನೇ ದಿನ ಪೇಪರಿನಲ್ಲಿ 'ಚಿರತೆ ಸೆರೆ, ನಿಟ್ಟುಸಿರು ಬಿಟ್ಟ ಗ್ರಾಮಸ್ಥರು'. ಈ ತಲೆಬರಹವನ್ನು ಅಚ್ಚು ಮಾಡಿಯೇ ಇಟ್ಟುಕೊಂಡಿದ್ದಾರೆ ಅಂತ ನನ್ನ ಅನುಮಾನ.

ಜೀಪು ಚಿರತೆಯನ್ನು ಯಾವುದೋ ಕಾಡಿಗೆ ಬಿಟ್ಟು ಬರುತ್ತದೆ. ಆ ಕಾಡಿನಲ್ಲಿ ಮೊದಲೇ ಚಿರತೆಗಳಿರುತ್ತವೆ, ಅವೇನು ಹಾರ ಹಿಡಿದು ಕಾಯುತ್ತಿರುವುದಿಲ್ಲ. ಮಹಾರಾಷ್ಟ್ರದ ಜುನ್ನರ್ ಕಡೆ ಎರಡು ದಶಕದ ಹಿಂದೆಯೇ ಹೀಗೆ ಹಿಡಿದು ಹಿಡಿದು ಬೇರೆ ಕಡೆ ಬಿಟ್ಟಿದ್ದರು. ದಾಳಿ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. 2009ರಲ್ಲಿ ಅಜೋಬಾ ಅನ್ನುವ ಗಂಡು ಚಿರತೆಯ ಕೊರಳಿಗೆ ಜಾಡು ತೋರಿಸುವ ಕಾಲರ್ ಕಟ್ಟಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರೆ, ಹೆದ್ದಾರಿ, ರೈಲು ಹಳಿ ಎಲ್ಲ ದಾಟಿ, ಸುಮಾರು 120 ಕಿ.ಮೀ. ನಡೆದು ಸೀದಾ ಮುಂಬೈ ಸೇರಿತು. ಹಾಕಿದ ಜಾಗದಲ್ಲಿ ನಿಲ್ಲದೆ ರಾಜಧಾನಿಗೆ ಓಡುವುದು ಅಧಿಕಾರಿಗಳ ಗುಣ ಅಂದುಕೊಂಡಿದ್ದೆ.

ನಮ್ಮಲ್ಲೂ ಅಷ್ಟೇ. 2022ರ ನವೆಂಬರ್‌ನಲ್ಲಿ ಒಂದು ಚಿರತೆ ಬೃಂದಾವನಕ್ಕೇ ಬಂತು, ಪ್ರವಾಸಿಗರಿಗೆ ವಾರಗಟ್ಟಲೆ ಗೇಟು ಬಂದ್. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಇನ್ನೊಂದು. ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸ ಮಾಡಿ ಅಂದರು. ಅವತ್ತು ಆಫೀಸಿಗೆ ಬಂದಿದ್ದು ಚಿರತೆ ಒಂದೇ.

ಇತ್ತ ಗದ್ದೆಯಲ್ಲಿ ಹುದ್ದೆ ಖಾಲಿ ಆಯಿತಲ್ಲ? ಹಳ್ಳಿ ಆಸ್ಪತ್ರೆಯ ಡಾಕ್ಟರ್ ಹುದ್ದೆ ವರ್ಷಗಟ್ಟಲೆ ಖಾಲಿ ಇರಬಹುದು, ಚಿರತೆಯದ್ದು ಇರುವುದಿಲ್ಲ. ಅದೇ ತಂಪು, ಅದೇ ನಾಲೆ, ಅದೇ ನಾಯಿ. ಇನ್ನೊಂದು ಬಂದು ಚಾರ್ಜ್ ತಗೊಳ್ಳುತ್ತದೆ. ಮತ್ತೆ ಅರ್ಜಿ, ಮತ್ತೆ ಬೋನು.

"ಇದು ಹೋದ್ಸಲ ಹಿಡ್ಕೊಂಡು ಹೋದದ್ದೇ ಅಲ್ವಾ ಸಾರ್?" ಅಂತ ಗೌಡರು ಕೇಳಿದರು.

"ಇಲ್ಲ ಗೌಡ್ರೇ, ಅದು ಹೆಣ್ಣು. ಇದು ಗಂಡು," ಅಂದ ಗಾರ್ಡ್.

"ಹಂಗಾದ್ರೆ ಗಂಡ-ಹೆಂಡ್ತಿ ಕೇಸಲ್ಲಿ ಟ್ರಾನ್ಸ್‌ಫರ್ ಕೇಳ್ಕೊಂಡು ಬಂದೈತೆ. ಪಾಪ, ಆರ್ಡರ್ ಆಗೋದು ಲೇಟಾಯ್ತು."