ಮೊಬೈಲ್ ಬಿಡಿ, ಒಟಿಪಿ ಹೇಳಿ

ಮೊಬೈಲ್ ಬಳಕೆಯನ್ನು ಕಡಿಮೆ ಮಾಡಬೇಕೆಂಬ ವಿಷಯದಲ್ಲಿ ಹುಬ್ಬಳ್ಳಿ–ಧಾರವಾಡದಲ್ಲಿ ಭಿನ್ನಾಭಿಪ್ರಾಯವೇ ಉಳಿದಿಲ್ಲ. ವೈದ್ಯರು ಹೇಳುತ್ತಾರೆ, ಮಾಸ್ತರರು ಹೇಳುತ್ತಾರೆ, ವೇದಿಕೆ ಸಿಕ್ಕ ಮುಖಂಡರೂ ಹೇಳುತ್ತಾರೆ. ಆ ಭಾಷಣದ ವಿಡಿಯೊ ರಾತ್ರಿ ಹನ್ನೊಂದಕ್ಕೆ, ಅಂದರೆ ಪರದೆಯ ಬೆಳಕು ನಿದ್ದೆಗೆ ಬೇಕಾದ ಮೆಲಟೋನಿನ್‌ ಅನ್ನು ತಡೆಯುವ ಶುಭ ಮುಹೂರ್ತದಲ್ಲಿ, ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ. ಉಪದೇಶಕ್ಕೆ ಬರವಿಲ್ಲ; ಮೊಬೈಲ್ ಇಲ್ಲದೆ ತೆರೆಯುವ ಬಾಗಿಲಿಗೆ ಮಾತ್ರ ಬರ.

ಪರದೆ ನೋಡಿ ನೋಡಿ ಕಣ್ಣು ಉರಿಯತೊಡಗಿದರೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚೀಟಿ ಬೇಗ ಸಿಗಲೆಂದು 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ‘ಸ್ಕ್ಯಾನ್ ಆ್ಯಂಡ್ ಶೇರ್’ ವ್ಯವಸ್ಥೆ ಆರಂಭವಾಯಿತು. ಈ ಸೌಲಭ್ಯ ಇರುವಲ್ಲಿ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದವರಿಗೆ ಟೋಕನ್ ಬರುತ್ತದೆ. ಮೊಬೈಲ್‌ನಿಂದಲೇ ಕಣ್ಣು ಕೆಡಿಸಿಕೊಂಡವನು ಹೀಗೆ ಮೊದಲು ಒಳಗೆ ಹೋಗುತ್ತಾನೆ. ಆ ಚಟವೇ ಇಲ್ಲದ ಅಜ್ಜ, ಪೊರೆ ಬಂದ ಕಣ್ಣಿನೊಂದಿಗೆ, ಸರದಿಯ ಕೊನೆಯಲ್ಲಿ ನಿಂತು ತನ್ನ ಸಂಯಮದ ಫಲವನ್ನು ಉಣ್ಣುತ್ತಾನೆ.

ಕುತ್ತಿಗೆಯ ಲೆಕ್ಕ ಇನ್ನೂ ಸ್ವಾರಸ್ಯಕರವಾಗಿದೆ. ನೆಟ್ಟಗೆ ನಿಂತವನ ತಲೆ ಐದು ಕಿಲೋದ ಆಸುಪಾಸು ತೂಗುತ್ತದೆ. ಅದನ್ನೇ 60 ಡಿಗ್ರಿ ಬಾಗಿಸಿದರೆ ಕುತ್ತಿಗೆಯ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆ ಎಂದು ನ್ಯೂಯಾರ್ಕಿನ ಬೆನ್ನುಮೂಳೆಯ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಮರಗೋಳದ ಎಪಿಎಂಸಿಯಲ್ಲಿ ಅಷ್ಟು ಭಾರ ಹೊತ್ತವರಿಗೆ ಹಮಾಲಿ ಸಿಗುತ್ತದೆ. ನಾವಾದರೋ, ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಯವರೆಗೆ ರೀಲ್ಸ್ ನೋಡುತ್ತ, ಅದೇ ಭಾರವನ್ನು ಪುಕ್ಕಟೆಯಾಗಿ ಹೊತ್ತು ದಾಟುತ್ತೇವೆ. ಡೇಟಾ ಪ್ಯಾಕಿನ ದುಡ್ಡೂ ನಮ್ಮದೇ.

ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇದನ್ನು ತಾಯಂದಿರಿಗೆ ತಿಳಿಸಬೇಕಾದ ಅಂಗನವಾಡಿ ಕಾರ್ಯಕರ್ತೆ ‘ಪೋಷಣ್ ಟ್ರ್ಯಾಕರ್’ ತೆರೆದುಕೊಂಡು, “ಯವ್ವಾ, ಮಗೂಗೆ ಮೊಬೈಲ್ ಕೊಡಬ್ಯಾಡ. ನಿನ್ನ ಮೊಬೈಲಿಗೆ ಒಟಿಪಿ ಬಂದೈತೇನ ನೋಡು” ಎನ್ನುವಾಗ ಆಕೆಯನ್ನು ನೋಡಿ ನಗುವುದು ಅನ್ಯಾಯ, ಆ್ಯಪ್ ಆಕೆ ಮಾಡಿದ್ದಲ್ಲ.

ಆದರೆ ಈ ನಾಟಕದ ಅತ್ಯುತ್ತಮ ಅಂಕ ನಡೆಯುವುದು ನವೆಂಬರ್ ತಿಂಗಳಲ್ಲಿ, ನಿವೃತ್ತರ ಊರೆಂದೇ ಹೆಸರಾದ ಧಾರವಾಡದಲ್ಲಿ. ಮನುಷ್ಯ ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಬಾರಿ ಕಣ್ಣು ಪಿಳುಕಿಸುತ್ತಾನೆ. ಪರದೆಯ ಮುಂದೆ ಅದು ಅರ್ಧಕ್ಕೂ ಇಳಿಯಬಹುದು, ಕಣ್ಣೀರು ಆರಿ ಕಣ್ಣು ಒಣಗುವುದು ಅದರಿಂದಲೇ. ಪಿಂಚಣಿದಾರರು ತಾವು ಬದುಕಿದ್ದೇವೆಂದು ಮೊಬೈಲ್‌ನಲ್ಲೇ ಮುಖ ತೋರಿಸಿ ಸಾಬೀತುಪಡಿಸುವ ಅನುಕೂಲವನ್ನು ಕೇಂದ್ರ ಸರ್ಕಾರ 2021ರಲ್ಲಿ ಕಲ್ಪಿಸಿತು. ಮುಖ ತೋರಿಸಿದರಷ್ಟೇ ಸಾಲದು, ಆ್ಯಪ್ ಕಣ್ಣು ಪಿಳುಕಿಸಲು ಹೇಳುತ್ತದೆ. ವರ್ಷವಿಡೀ ನಮ್ಮ ರೆಪ್ಪೆಗಳನ್ನು ಅಲುಗದಂತೆ ಹಿಡಿದಿಟ್ಟ ಯಂತ್ರವೇ, ಅವು ಅಲುಗದಿದ್ದರೆ ನೀವು ಜೀವಂತರಲ್ಲ ಎನ್ನುವುದಕ್ಕೆ ಅಸಾಧಾರಣ ಧೈರ್ಯ ಬೇಕು. ಬ್ಯಾಂಕಿಗೆ ಹೋಗಿಯೂ ಪ್ರಮಾಣಪತ್ರ ಕೊಡಬಹುದು, ನಿಜ. ಆದರೆ ಅಲ್ಲಿನ ಸಾಲನ್ನು ಕಂಡ ಹಿರಿಯರು ಮನೆಯ ಕಟ್ಟೆಯ ಮೇಲೆ ಕುಳಿತು ಪಿಳುಕಿಸುವುದೇ ಲೇಸೆನ್ನುತ್ತಾರೆ.

“ಅಪ್ಪಾರ, ಇನ್ನೊಮ್ಮೆ ಪಿಳುಕಿಸ್ರಿ” ಎಂದು ಸೊಸೆ ಹೇಳುತ್ತಾಳೆ. ಮೊದಲ ಸಲ ಬೆಳಕು ಸಾಲದು, ಎರಡನೆಯ ಸಲ ಕನ್ನಡಕ ಅಡ್ಡ. ಮೂರನೆಯ ಸಲಕ್ಕೆ ರಾಯರು ಬದುಕಿರುವುದು ಸರ್ಕಾರಕ್ಕೆ ಮನವರಿಕೆಯಾಗುತ್ತದೆ. ಪ್ರಮಾಣಪತ್ರದ ಸಂಖ್ಯೆ ಎಸ್‌ಎಂಎಸ್‌ನಲ್ಲಿ ಬರುತ್ತದೆ, ಅದನ್ನು ಓದಲು ರಾಯರು 60 ಡಿಗ್ರಿ ಬಾಗುತ್ತಾರೆ.